ಒಳಗಿನ ಬೂಟು, ಹೊರಗಿನ ಬೂಟು

ತುಕ್ಕಾನಟ್ಟಿಯ ನಮ್ಮ ಮನೆಗೆ ನೀವೊಮ್ಮೆ ಬಂದರೆ, ಮಿತ್ರರೇ, ಮೊದಲು ಕಣ್ಣಿಗೆ ಬೀಳುವುದು ನಾನಲ್ಲ, ನನ್ನ ಬೂಟು. ತಲೆಬಾಗಿಲ ಹೊರಗೆ, ಎಮ್ಮೆ ನೀರು ಕುಡಿಯುವ ಕಲ್ಲುಬಾನಿಯ ಪಕ್ಕದಲ್ಲಿ, ಅಡಿಯಲ್ಲಿ ಮೊಂಡು ಮೊಳೆಗಳಿರುವ ಒಂದು ಜೊತೆ ಮೈತುಂಬ ಎರೆಮಣ್ಣು ಮೆತ್ತಿಕೊಂಡು, ಪಂಚಾಯಿತಿಯಲ್ಲಿ ಸೋತು ಬಂದವರ ಹಾಗೆ ಮೋರೆ ಕೆಳಗೆ ಹಾಕಿ ಕೂತಿರುತ್ತದೆ. ಒಳಗೆ, ಪಡಸಾಲೆಯ ಗೋಡೆಯಲ್ಲಿ ಹಿಂದೆ ದೀಪವಿಡುತ್ತಿದ್ದ ಮಾಡದಲ್ಲಿ, ಸಪಾಟು ಅಡಿಯ ಇನ್ನೊಂದು ಜೊತೆ ಈಗಷ್ಟೇ ನಿಶ್ಚಯವಾದ ವರನಂತೆ ಹೊಳೆಯುತ್ತ ಕೂತಿರುತ್ತದೆ. ಹೊರಗಿನದು ಗೋಕಾಕದ ಮೈದಾನದಲ್ಲಿ ಹನ್ನೊಂದು ಜನ ಆಡುವ ಫುಟ್‌ಬಾಲಿಗೆ. ಒಳಗಿನದು ಹುಕ್ಕೇರಿಯಲ್ಲಿ ಸೂರಿನಡಿ ಐದೇ ಜನ ಆಡುವ ಫುಟ್ಸಾಲಿಗೆ.

ಈ ವಿಂಗಡಣೆ ನನ್ನದಲ್ಲ, ಆಯಿಯದು. ಆಯಿ ಎಂದರೆ ನನ್ನ ಅಪ್ಪನ ತಾಯಿ. ನಮ್ಮ ಮನೆಯ ಸುಪ್ರೀಂ ಕೋರ್ಟು. ಫುಟ್ಸಾಲಿನ ಬೂಟು ಎಂದೂ ಮಣ್ಣು ಮೆಟ್ಟುವುದಿಲ್ಲ ಎಂಬುದನ್ನು ಆಕೆ ಅಡಿ ತಿರುವಿ, ಉಗುರಿನಿಂದ ಕೆರೆದು, ಮೂಸಿಯೂ ನೋಡಿ ಖಾತ್ರಿ ಮಾಡಿಕೊಂಡು, "ಇದು ಒಳಗ ಬರಲಿ" ಎಂದು ತೀರ್ಪು ಕೊಟ್ಟಳು. ಮೊಳೆಯ ಬೂಟಿಗೆ ಹೊಸ್ತಿಲ ದರ್ಶನವೂ ಇಲ್ಲ. ನಮ್ಮ ಕಾಕಾನಿಗೆ ಇದನ್ನು ಕಂಡು ಸುಮ್ಮನಿರಲಾಗಲಿಲ್ಲ. "ಯವ್ವಾ, ಶರಣರು ಮನುಷ್ಯಾರೊಳಗ ಭೇದ ಬ್ಯಾಡ ಅಂತ ಹೇಳಿ ಹೋದ್ರ, ನೀ ಬೂಟಿನೊಳಗ ಜಾತಿ ಮಾಡಿದೆಲ್ಲ!" ಎಂದ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ: "ಶರಣರಿಗೆ ಇಂಥಾ ಮೊಳಿ ಬೂಟ ಹಾಕ್ಕೊಂಡು ಅಡಗಿ ಮನಿತನಕಾ ಬರೂ ಮೊಮ್ಮಗಾ ಇರಲಿಲ್ಲಪಾ."

ಆಯಿಯ ಈ ಮಾತನ್ನು ನಾನು ಅದೇ ರಾತ್ರಿ ಊಟದ ಹೊತ್ತಿಗೆ ಆಯಿಯದೇ ದನಿಯಲ್ಲಿ, ಆಕೆಯ ಹಾಗೆಯೇ ಕೊನೆಯ ಅಕ್ಷರವನ್ನು ಮೂಗಿನೊಳಗೆ ಎಳೆದು ಹೇಳಿ ತೋರಿಸಿ, ಆಕೆಯಿಂದಲೇ ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡೆ. ಇದು ನನ್ನ ಹುಟ್ಟು ಚಟ. ದೇವರು ನನಗೆ ಮುಖ ಕೊಡುವಾಗ ಅವಸರದಲ್ಲಿದ್ದ, ಅದರ ಬದಲಿಗೆ ಎಲ್ಲರ ಮುಖದ ಕೀಲಿಕೈ ಕೊಟ್ಟು ಕಳಿಸಿದ. ಸಾಲಿಯ ಗುರುಗಳು, ಬಸ್ಸಿನ ಕಂಡಕ್ಟರು, ಎಪಿಎಂಸಿಯಲ್ಲಿ ಹರಾಜು ಕೂಗುವವರು, ಮದುವೆಯಲ್ಲಿ ಸುಮ್ಮನೆ ಅಳುವ ಅತ್ತೆಯಂದಿರು, ಯಾರನ್ನೂ ನಾನು ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ: ಓಡುವಾಗ ನಾನು ಮೊಣಕೈಗಳನ್ನು ಅಗಲಿಸಿ, ಕೋಳಿಯೊಂದು ಬಸ್ಸು ತಪ್ಪಿಸಿಕೊಂಡ ಹಾಗೆ ಓಡುತ್ತೇನೆ ಎಂಬುದನ್ನು ಗೆಳೆಯರಿಗೆ ಆಡಿ ತೋರಿಸಿದವನು ನಾನೇ.

ನನ್ನ ವೃತ್ತಿಯ ಬಗ್ಗೆ ಹೇಳಬೇಕು. ಕ್ರೀಡಾಪುಟಗಳ ಭಾಷೆಯಲ್ಲಿ ನಾನು ಅರೆವೃತ್ತಿಪರ ಆಟಗಾರ. ಈ 'ಅರೆ' ಇದೆಯಲ್ಲ, ಅದು ಬಹಳ ವಿಚಿತ್ರವಾದ ಪ್ರಾಣಿ. ಅರೆಬೆಂದ ಅನ್ನವನ್ನು ಯಾರೂ ಉಣ್ಣುವುದಿಲ್ಲ, ಅರೆಮನಸ್ಸಿನ ಅಳಿಯನನ್ನು ಯಾರೂ ಹೊಗಳುವುದಿಲ್ಲ. ಆದರೆ ಅರೆಬಿರಿದ ಮೊಗ್ಗಿಗೆ ಮಾತ್ರ ಎಲ್ಲರೂ ಮರುಳು. ನಾನು ಇವುಗಳಲ್ಲಿ ಯಾವುದು ಎಂಬುದು ಋತುವಿನಿಂದ ಋತುವಿಗೆ ಬದಲಾಗುತ್ತದೆ. ಗೋಕಾಕದ ಕ್ಲಬ್ಬಿನವರು ಲೀಗಿನ ತಿಂಗಳುಗಳಲ್ಲಿ ಸಣ್ಣದೊಂದು ಪಗಾರ ಕೊಡುತ್ತಾರೆ. ಹುಕ್ಕೇರಿಯ ಫುಟ್ಸಾಲ್ ತಂಡದವರು ಪ್ರಯಾಣದ ಖರ್ಚು, ಊಟ ಮತ್ತು ಧಾರಾಳವಾಗಿ ಬೈಗುಳ ಕೊಡುತ್ತಾರೆ. ಉಳಿದ ಹೊತ್ತಿಗೆಲ್ಲ ನಾನು ಮೂಡಲಗಿಯಲ್ಲಿ ಕಾಕಾನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೂರುತ್ತೇನೆ. "ನಿಮ್ಮ ಅಣ್ಣನ ಮಗಾ ಏನ್ ಮಾಡತಾನ್ರಿ?" ಎಂದು ಗಿರಾಕಿಗಳು ಕೇಳಿದರೆ ಕಾಕಾನ ಉತ್ತರ ಸಿದ್ಧವಿರುತ್ತದೆ: "ಮುಂಜಾನಿ ಬೇರಿಂಗ್ ಮಾರತಾನ, ಸಂಜಿಗೆ ಚೆಂಡ ಒದಿತಾನ. ಎರಡೂ ಉರುಳೂ ಸಾಮಾನ ರೀ, ಒಂದೂ ಕೈಯಾಗ ನಿಂದ್ರೂದಿಲ್ಲ."

ಗೋಕಾಕದ ನಮ್ಮ ತರಬೇತುದಾರರನ್ನು ಎಲ್ಲರೂ ಮಾಸ್ತರ ಎನ್ನುತ್ತಾರೆ, ಅವರು ಎಂದೂ ಯಾವ ಸಾಲಿಯಲ್ಲೂ ಕಲಿಸಿದವರಲ್ಲದಿದ್ದರೂ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಒಂದು ಕಿವಿಗೆ ಜಲಪಾತ, ಇನ್ನೊಂದು ಕಿವಿಗೆ ಮಗ್ಗಗಳ ಗದ್ದಲ. ಇವೆರಡರ ನಡುವೆ ಆಯುಷ್ಯ ಕಳೆದವರಿಗೆ ಪಿಸುಮಾತು ಎಂಬುದು ಇರುವುದೇ ಇಲ್ಲ. ಮಾಸ್ತರ ಚಹಾ ಹೇಳಿದರೆ ನದಿಯಾಚೆಯವರೂ ಒಲೆ ಹಚ್ಚುತ್ತಾರೆ. ಅವರ ಉಪದೇಶವೆಲ್ಲ ಒಂದೇ ವಾಕ್ಯದ ಸುತ್ತ ತಿರುಗುತ್ತದೆ: "ತಲಿ ಎತ್ತಲೇ! ಚೆಂಡ ಎಲ್ಲೂ ಓಡಿ ಹೋಗೂದಿಲ್ಲ, ಮಂದಿ ಓಡಿ ಹೋಗತಾರ!" ಈ ವಾಕ್ಯವನ್ನು ನಾನು ಅವರಿಗಿಂತ ಚೆನ್ನಾಗಿ ಹೇಳಬಲ್ಲೆ ಎಂದು ಇಡೀ ತಂಡ ಒಪ್ಪಿತ್ತು. ಒಮ್ಮೆ ಬೆಳಗಾವಿಯ ಪಂದ್ಯದಲ್ಲಿ ಎದುರಾಳಿ ಗೋಲ್‌ಕೀಪರನ ದನಿಯಲ್ಲಿ "ಬಿಡೋ, ನಂದು!" ಎಂದು ಕೂಗಿದೆ. ಪಾಪ, ಅವರ ರಕ್ಷಕ ಆಜ್ಞಾಧಾರಕನಾಗಿ ಚೆಂಡು ಬಿಟ್ಟ, ನಾನು ಗೋಲು ಹೊಡೆದೆ, ರೆಫರಿ ಸೀಟಿ ಊದಿ ನನಗೆ ಹಳದಿ ಕಾರ್ಡು ತೋರಿಸಿದರು. ಕ್ರೀಡಾಸ್ಫೂರ್ತಿಯ ನಿಯಮದಲ್ಲಿ ಮಿಮಿಕ್ರಿಗೂ ಶಿಕ್ಷೆ ಇದೆ ಎಂದು ಗೊತ್ತಾದದ್ದು ಅಂದೇ.

ಇನ್ನು ಹುಕ್ಕೇರಿಯ ಫುಟ್ಸಾಲ್ ಅಂಗಳ. ಅದು ಮೊದಲು ಬೆಲ್ಲದ ಗೋದಾಮು. ಮಾಲೀಕರು ನೆಲವನ್ನು ನುಣ್ಣಗೆ ಮಾಡಿಸಿ, ಗೆರೆ ಎಳೆಸಿ, ಎರಡು ಪುಟ್ಟ ಗೋಲುಗಳನ್ನು ನಿಲ್ಲಿಸಿದರು. ಆದರೆ ಗೋಡೆಗಳು ತಮ್ಮ ಹಳೆಯ ಉದ್ಯೋಗವನ್ನು ಮರೆಯಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ಆಡಿದರೆ ಬೆವರಿನ ವಾಸನೆಯೊಳಗೂ ಒಂದು ಆಲೆಮನೆಯ ಕಂಪು ಸುಳಿಯುತ್ತದೆ, ಬಿದ್ದವನ ತುಟಿಗೆ ಸಿಹಿ ತಾಗುತ್ತದೆ ಎಂದು ನಮ್ಮವರು ಆಣೆ ಮಾಡಿ ಹೇಳುತ್ತಾರೆ, ಇರುವೆಗಳಂತೂ ಇಂದಿಗೂ ಮೂಲೆಯಿಂದ ಮೂಲೆಗೆ ಸಾಲು ಕಟ್ಟಿ, ನಮ್ಮೆಲ್ಲರಿಗಿಂತ ಶಿಸ್ತಾಗಿ ಪಾಸು ಕೊಡುತ್ತವೆ. ಅಲ್ಲಿನ ಚೆಂಡು ಚಿಕ್ಕದು, ಭಾರದ್ದು, ಪುಟಿಯಲು ಒಲ್ಲದ್ದು. ಅದನ್ನು ಅಂಗಾಲಿನಿಂದ ಸವರಿ, ಮಾತಾಡಿಸಿ, ಪುಸಲಾಯಿಸಿ ನಡೆಸಬೇಕು. ಗೋಕಾಕದ ಬಯಲಿನಲ್ಲಿ ನಾನು ಕುದುರೆ. ಹುಕ್ಕೇರಿಯ ಗೋದಾಮಿನಲ್ಲಿ ಬೆಕ್ಕು. ಎರಡೂ ಹೊಟ್ಟೆಪಾಡಿನ ಅವತಾರಗಳೇ.

ಹೋದ ವರ್ಷ ಮಹಾನವಮಿಯ ಖಂಡೇಪೂಜೆ ಬಂತು. ನಮ್ಮಲ್ಲಿ ಅಂದು ದುಡಿಯುವ ಸಾಮಾನುಗಳಿಗೆಲ್ಲ ಪೂಜೆ. ಕುರಿಗಿ, ಕುಂಟಿ, ಕುಡುಗೋಲು, ಟ್ರ್ಯಾಕ್ಟರು, ಕಾಕಾನ ಅಂಗಡಿಯ ಪಾನಾಗಳು, ಅವ್ವನ ಹೊಲಿಗೆ ಯಂತ್ರ, ಎಲ್ಲಕ್ಕೂ ಆಯಿ ಈಬತ್ತಿಯ, ಅಂದರೆ ವಿಭೂತಿಯ, ಮೂರು ಬೆರಳು ಎಳೆದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಪಗಾರ ಎದರಾಗಿಂದ ಬರತೈತಿ?" ಎಂದಳು. ಕಾಲು ತೋರಿಸಿದೆ. ಆಕೆಗೆ ದೊಡ್ಡ ಧರ್ಮಸಂಕಟ. ಕೆರಕ್ಕೆ ಪೂಜೆಯೇ? ಆದರೆ ದುಡಿಯುವ ಸಾಮಾನನ್ನು ಬಿಡುವುದುಂಟೇ? ಬಹಳ ಯೋಚಿಸಿ, ಮಾಡದೊಳಗಿನ ಸಪಾಟು ಬೂಟಿಗೆ ಈಬತ್ತಿ ಹಚ್ಚಿ, ಒಂದು ಚೆಂಡುಹೂ ಇಟ್ಟಳು. ಹೊರಗಿನ ಬೂಟು ಬಾನಿಯ ಪಕ್ಕದಲ್ಲೇ ಕೂತು ಇದನ್ನೆಲ್ಲ ನೋಡುತ್ತಿತ್ತು.

ದೀಪಾವಳಿ ಕಳೆದ ಮೇಲೆ, ಗೋಕಾಕದ ಮೈದಾನದಲ್ಲಿ, ಹೊರಗಿನ ಬೂಟು ಹಾಕಿಕೊಂಡಿದ್ದಾಗ, ನನ್ನ ಬಲ ಮೊಣಕಾಲು ಹೋಯಿತು.

ಯಾರೂ ನನ್ನನ್ನು ಮುಟ್ಟಿರಲಿಲ್ಲ. ಚೆಂಡಿನೊಂದಿಗೆ ತಿರುಗಿದೆ, ಬೂಟಿನ ಮೊಳೆಗಳು ನೆಲವನ್ನು ಹಿಡಿದುಕೊಂಡವು, ಮೈ ತಿರುಗಿತು, ಕಾಲು ತಿರುಗಲಿಲ್ಲ. ಹಸಿ ಕಬ್ಬು ಮುರಿದಂಥ ಸಪ್ಪಳ. ಬಿದ್ದು ಕೂಗಿದೆ. ನನ್ನ ಕರ್ಮ ನೋಡಿ: ಇಡೀ ತಂಡ ನಕ್ಕಿತು! ಪೆಟ್ಟಾಗದೆಯೂ ಉರುಳಾಡುವ ಆಟಗಾರರನ್ನು ನಾನು ಅಷ್ಟು ಸಲ ಅಣಕಿಸಿದ್ದೆನಲ್ಲ, ಇದೂ ಅಂಥದೇ ಒಂದು ಪ್ರದರ್ಶನ ಎಂದುಕೊಂಡರು. ಒಬ್ಬ "ಇನ್ನೊಮ್ಮೆ!" ಎಂದು ಚಪ್ಪಾಳೆ ಕೂಡ ತಟ್ಟಿದ. ನಗದೆ ಇದ್ದವನು ನಮ್ಮ ಗೋಲ್‌ಕೀಪರ್ ದಸ್ತಗೀರ ಒಬ್ಬನೇ. ಫಾಲ್ಸಿನ ಕಾಲೊನಿಯ ಈ ಹುಡುಗ, ನನ್ನ ಜೀವದ ಗೆಳೆಯ, ತನ್ನ ಗೋಲನ್ನು ಬಿಟ್ಟು ಮೈದಾನದ ಆ ತುದಿಯಿಂದ ಈ ತುದಿಗೆ ಓಡಿ ಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ನಿನಗೆ ಹೇಗೆ ಗೊತ್ತಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದೆ. "ಮಲ್ಲ್ಯಾ, ನೀ ತಗಿಯೂ ದನಿ ಎಲ್ಲಾ ನನಗ ಗೊತ್ತಾವ," ಎಂದ. "ಅವತ್ತಿನ ದನಿ ನಾ ಎಂದೂ ಕೇಳಿರಲಿಲ್ಲ. ಇದು ಇವನದ ಇರಬೇಕು ಅಂತ ಓಡಿ ಬಂದೆ."

ಬೆಳಗಾವಿಯ ಡಾಕ್ಟರು ಮೊಣಕಾಲೊಳಗಿನ ಹಗ್ಗದಂಥ ಕಟ್ಟೊಂದು ಹರಿದಿದೆ, ಶಸ್ತ್ರಕ್ರಿಯೆ ಮಾಡಿ ಹೊಸದಾಗಿ ಬಿಗಿಯಬೇಕು ಎಂದು ವಿವರಿಸಿದಾಗ, ಕಾಕಾ ಗಂಭೀರವಾಗಿ ತಲೆಯಾಡಿಸಿ, "ಫ್ಯಾನ್ ಬೆಲ್ಟ್ ಹರದೈತಿ ಅನ್ರಿ" ಎಂದ. ಡಾಕ್ಟರು ನಗುತ್ತ ಒಪ್ಪಿದರು. ಆದರೆ ಅವರು ಆಮೇಲೆ ಹೇಳಿದ್ದಕ್ಕೆ ಕಾಕಾನೂ ನಗಲಿಲ್ಲ: ಮತ್ತೆ ಮೊದಲಿನಂತೆ ಆಡುವುದು ಆಗಬಹುದು, ಆಗದೆಯೂ ಇರಬಹುದು, ಮುಂದಿನ ಮಹಾನವಮಿಯ ಹೊತ್ತಿಗೆ ತಿಳಿಯುತ್ತದೆ.

ಇಲ್ಲಿ ನಿಮಗೊಂದು ತಮಾಷೆ ಹೇಳಬೇಕು. ಶಸ್ತ್ರಕ್ರಿಯೆಯಾಗಿ, ಊರುಗೋಲು ಬಿಟ್ಟ ಮೇಲೆ ವ್ಯಾಯಾಮ ಕಲಿಸುವವರು, "ನೀವು ಮೊದಲು ಹೆಂಗ ನಡೀತಿದ್ರಿ ಹಂಗ ನಡೀರಿ ನೋಡೋಣ" ಎಂದರು. ನಾನು ನಿಂತೇ ಬಿಟ್ಟೆ. ಮಾಸ್ತರ ಹೇಗೆ ನಡೆಯುತ್ತಾರೆ ಗೊತ್ತು, ಎಡ ಹೆಗಲನ್ನು ಮುಂದಿಟ್ಟು. ಕಾಕಾನ ನಡಿಗೆ ಗೊತ್ತು, ಜೇಬಿನೊಳಗಿನ ಕೀಲಿಗೊಂಚಲಿಗೆ ತಾಳ ಹಾಕುತ್ತ. ದಸ್ತಗೀರನದು ಗೊತ್ತು, ನೆಲ ಬಿಸಿ ಇದೆಯೇನೋ ಎಂಬಂತೆ. ನಾನು ಹೇಗೆ ನಡೆಯುತ್ತಿದ್ದೆ? ಓಟ ಗೊತ್ತು, ಕೋಳಿಯದು. ನಡಿಗೆ ಎಷ್ಟು ತಡಕಿದರೂ ಸಿಗಲಿಲ್ಲ. ಕೊನೆಗೆ ಆಯಿಯನ್ನು ನೆನೆದು, ಆಕೆ ತುಂಬಿದ ಕೊಡ ಹೊತ್ತು ಬರುವಾಗ ಹಿಮ್ಮಡಿಯನ್ನು ಮೊದಲು ಊರಿ, ಭೂಮಿಯನ್ನು ಒಂದು ಮಾತು ಕೇಳಿಯೇ ಭಾರ ಬಿಡುತ್ತಾಳಲ್ಲ, ಹಾಗೆ ಹೆಜ್ಜೆ ಇಟ್ಟೆ. "ಭಾಳ ಚಲೋ!" ಎಂದರು ಅವರು. ಎಂಬತ್ತರ ಗಡಿಯಲ್ಲಿರುವ ಮುದುಕಿಯ ನಡಿಗೆಯಲ್ಲಿ ನಾನು ಎರಡನೆಯ ಸಲ ನಡೆಯಲು ಕಲಿತೆ.

ಅಂದಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ನನ್ನ ಆಟದಲ್ಲಿ ನನ್ನದು ಯಾವುದು? ಎತ್ತರದಿಂದ ಬೀಳುವ ಚೆಂಡನ್ನು ಕಾಲಿನಲ್ಲಿ ಸದ್ದಿಲ್ಲದೆ ಇಳಿಸಿಕೊಳ್ಳುತ್ತೇನೆ ಎಂದು ಜನ ಹೊಗಳುತ್ತಾರೆ. ಅದು ಆಯಿ ರೊಟ್ಟಿಯನ್ನು ಹಂಚಿಗೆ ಹಾಕುವಾಗ ಅಂಗೈಯನ್ನು ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಸೆಳೆಯುವ ರೀತಿ. ಎಡಕ್ಕೆ ಹೋಗುವಂತೆ ಮೈ ವಾಲಿಸಿ ಬಲಕ್ಕೆ ನುಸುಳುತ್ತೇನೆ. ಅದು ಮೂಡಲಗಿಯ ಸಂತೆಯಲ್ಲಿ ಕಾಕಾ ಬಾಕಿ ಕೇಳುವವರ ಕಣ್ಣು ತಪ್ಪಿಸಿ ಮೋಟರ್‌ಸೈಕಲ್ ಹೊಡೆಯುವ ರೀತಿ. ಅಂಗಾಲಿನಲ್ಲಿ ಚೆಂಡನ್ನು ಹಿಂದೆ ಮುಂದೆ ಆಡಿಸುತ್ತೇನೆ. ಅದು ಅವ್ವನ ಹೊಲಿಗೆ ಯಂತ್ರದ ಪೆಡಲು. ತಲೆ ಎತ್ತುವುದು ಮಾಸ್ತರರದು. ನಾನೆಂಬುದು ಊರವರೆಲ್ಲ ಒಂದೊಂದು ತುಂಡು ಕೊಟ್ಟು ಹೊಲಿದ ಕೌದಿ. ನಕಲು ಮಾಡುವವನನ್ನು ಜನ ಕಳ್ಳನೆಂದು ನಗುತ್ತಾರೆ. ನನಗೆ ಈಗ ಅನಿಸುತ್ತದೆ, ಒಬ್ಬರನ್ನು ಚೆನ್ನಾಗಿ ನಕಲು ಮಾಡಬೇಕಾದರೆ ಅವರನ್ನು ಪ್ರೀತಿಯಿಂದ, ಕಣ್ಣು ಕೀಳದೆ, ಬಹಳ ಕಾಲ ನೋಡಿರಬೇಕು. ಅಣಕು ಎಂದರೆ ಕೈ ಮುಗಿಯಲು ನಾಚುವವನ ನಮಸ್ಕಾರ.

ಆದರೆ ಆ ವರ್ಷವೆಲ್ಲ ಇಂಥ ತತ್ತ್ವಜ್ಞಾನದಲ್ಲೇ ಕಳೆಯಿತು ಎಂದುಕೊಳ್ಳಬೇಡಿ. ಹುಕ್ಕೇರಿಯ ಗೋದಾಮಿನ ಮಾಲೀಕರು, ಆಡಲಾಗದಿದ್ದರೇನು, ಬಾಯಿ ಇದೆಯಲ್ಲ ಎಂದು ನನ್ನ ಕೈಗೆ ಮೈಕು ಕೊಟ್ಟರು. ಕುರ್ಚಿಯಲ್ಲಿ ಕಾಲು ಚಾಚಿ ಕೂತು ಫುಟ್ಸಾಲ್ ಪಂದ್ಯಗಳ ವೀಕ್ಷಕ ವಿವರಣೆ ಶುರು ಮಾಡಿದೆ. ಅದೂ ಎಲ್ಲರ ದನಿಯಲ್ಲಿ. ಗೋಲಾದರೆ ಹರಾಜಿನವನ ದನಿ, ತಪ್ಪಿದರೆ ಆಯಿಯ ದನಿ, ಜಗಳವಾದರೆ ಮಾಸ್ತರರದು. ಜನ ಆಟ ನೋಡುವುದನ್ನು ಬಿಟ್ಟು ನನ್ನನ್ನು ಕೇಳಲು ಬರತೊಡಗಿದರು. ಮೊದಮೊದಲು ಹಿಗ್ಗಿದೆ. ಒಂದು ದಿನ ಮೂಡಲಗಿಯ ಚಹಾದ ಅಂಗಡಿಯಲ್ಲಿ ಅಪರಿಚಿತರೊಬ್ಬರು ನನ್ನನ್ನು ದಿಟ್ಟಿಸಿ, "ಮೈಕಿನ್ಯಾಗ ಮಾತಾಡೂ ಹುಡುಗಾ ನೀನ ಅಲ್ಲೇನು?" ಎಂದರು. ಹೌದೆಂದೆ. ಅರ್ಧ ಚಹಾ ಬಿಟ್ಟು ಎದ್ದೆ. ಹಿಂದಿನ ವರ್ಷ ಅದೇ ಅಂಗಡಿಯಲ್ಲಿ ನಾನು 'ಆಡೂ ಹುಡುಗಾ' ಆಗಿದ್ದೆ. ಇನ್ನು ಮೇಲೆ ನಾನು ಆಟದ ಅಂಚಿನಲ್ಲಿ ಕೂತು ಆಡುವವರನ್ನು ನಗಿಸುವ ದನಿ ಮಾತ್ರವೇ? ಆ ಭಯವನ್ನು ಯಾರ ದನಿಯಲ್ಲೂ ಯಾರಿಗೂ ಹೇಳಲಾಗಲಿಲ್ಲ. ಕಾಕಾನ ಅಂಗಡಿಯ ಬೇರಿಂಗ್ ಡಬ್ಬಿಗಳನ್ನು ಪಾದಕ್ಕೆ ಕಟ್ಟಿಕೊಂಡು, ಕಟ್ಟೆಯ ಮೇಲೆ ಕೂತು ಕಾಲೆತ್ತುವುದನ್ನು ಹೆಚ್ಚು ಮಾಡಿದೆ. ಆಯಿ ಜೋಳ ಹಸನು ಮಾಡುತ್ತ ನೋಡುತ್ತಿದ್ದಳು.

ಈ ವರ್ಷದ ಖಂಡೇಪೂಜೆಯ ಹಿಂದಿನ ದಿನ, ಗೋಕಾಕದಲ್ಲಿ ತಂಡವನ್ನು ಆರಿಸುವ ಪಂದ್ಯ. ಅಂದು ಆಡಿ ತೋರಿಸಿದವರು ಬೆಳಗಾವಿಯ ಲೀಗಿಗೆ, ಉಳಿದವರು ಮನೆಗೆ. ಡಾಕ್ಟರು ಆಡಬಹುದು ಎಂದಿದ್ದರು. ಮೋಡ ಕವಿದ ಮಧ್ಯಾಹ್ನ, ಹಸಿ ಮೈದಾನ. ಹೋಗಿ ನೋಡಿದರೆ ಮಾಸ್ತರರ ಕೊರಳಿಗೆ ಮಫ್ಲರು! ಜಲಪಾತವನ್ನೂ ಮಗ್ಗವನ್ನೂ ಸೋಲಿಸಿದ ಆ ಗಂಟಲು ನೆಗಡಿಗೆ ಸೋತು ಪೂರಾ ಕಟ್ಟಿಹೋಗಿತ್ತು. ನನ್ನನ್ನು ಹತ್ತಿರ ಕರೆದು, ಕಿವಿಯಲ್ಲಿ ಬರೀ ಗಾಳಿಯಂತೆ ಉಸುರಿದರು: "ಇವತ್ತ ನನ್ನ ಬಾಯಿ ನೀನ."

ನನ್ನ ಗ್ರಹಚಾರ ನೋಡಿದಿರಾ? ಅವರ ಪಕ್ಕದ ಬೆಂಚಿನಲ್ಲಿ ಕೂತು, ಅವರು ಉಸುರಿದ್ದನ್ನು ಅವರದೇ ದನಿಯಲ್ಲಿ ಕೂಗುವ ಕೆಲಸ. ಕೆಟ್ಟದಾಗಿ ಕೂಗಿದರೆ ಗೆಳೆಯರ ಆಟ ಕೆಡುತ್ತದೆ. ಚೆನ್ನಾಗಿ ಕೂಗಿದರೆ ಬೆಂಚು ನನಗೆ ಕಾಯಂ. ಆದರೂ ಬಾಯಿ ತೆರೆದರೆ ನನಗೆ ಅರ್ಧಂಬರ್ಧ ಗೊತ್ತಿಲ್ಲ. "ತಲಿ ಎತ್ತಲೇ!" ಎಂದು ಗರ್ಜಿಸಿದೆ; ಮೈದಾನದಲ್ಲಿ ಹತ್ತೂ ತಲೆಗಳು ಒಮ್ಮೆಗೇ ಎದ್ದವು. ಗೋಲಿನಲ್ಲಿದ್ದ ದಸ್ತಗೀರ ಕೂಡ ಸೆಟೆದು ನಿಂತ. ಅರ್ಧಾವಧಿಯಲ್ಲಿ ನೀರು ಕುಡಿಯಲು ಬಂದವನು, "ಮಾಸ್ತರ ಈ ಸಲಾ ಬೈಗಳಾ ಭಾಳ ಸ್ವಚ್ಛ ಕೇಳಸಾಕತ್ತಾವ್ರಿ" ಎಂದು ಮಾಸ್ತರರಿಗೇ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೂಟಿನ ದಾರವನ್ನು ಮಾತ್ರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದೆ. ಮೊಳೆಗಳಿಗೆ ಇನ್ನೂ ಹೋದ ವರ್ಷದ ಒಣಮಣ್ಣೇ ಅಂಟಿತ್ತು.

ಆಟ ಮುಗಿಯಲು ಸ್ವಲ್ಪವೇ ಉಳಿದಿದೆ ಎನ್ನುವಾಗ ಮಾಸ್ತರ ಮತ್ತೆ ನನ್ನ ಕಿವಿಗೆ ಬಾಗಿದರು. ಇನ್ನೊಂದು ಬೈಗುಳ ಇರಬೇಕೆಂದು ಎದೆ ತುಂಬ ಗಾಳಿ ಎಳೆದುಕೊಂಡೆ.

"ಬಾಯಿ ಸಾಕು. ಕಾಲ ತಗೊಂಡು ಒಳಗ ಹೋಗು."

"ಮತ್ತ ಕೂಗಾವ್ರು ಯಾರ್ರಿ ಮಾಸ್ತರ?"

"ಯಾರೂ ಬ್ಯಾಡ. ಮಧ್ಯಾನದಿಂದ ಇಷ್ಟ ಕೂಗಿದಿ. ನಿನಗರ ತಿಳಿದೈತೋ ಇಲ್ಲೋ ನೋಡೂಣು."

ಇಳಿದೆ. ವೀರಗಾಥೆಯನ್ನು ನಿರೀಕ್ಷಿಸಬೇಡಿ, ಮೊದಲನೆಯ ಪಾಸು ಎಷ್ಟು ಜೋರಾಯಿತೆಂದರೆ ಚೆಂಡು ಗೆರೆ ದಾಟಿ, ಮೇಯುತ್ತಿದ್ದ ಆಡೊಂದನ್ನು ಎಬ್ಬಿಸಿತು. ಎರಡನೆಯ ಚೆಂಡು ದಸ್ತಗೀರನ ಕೈಯಿಂದ ಮೇಲೇರಿ ಬಂತು. ಕಾಲೆತ್ತಿ ಆಯಿಯ ಅಂಗೈಯಂತೆ ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಸೆಳೆದೆ. ಚೆಂಡು ರೊಟ್ಟಿಯ ಹಾಗೆ ಬಂದು ಕೂತಿತು. ಕಾಕಾನಂತೆ ಎಡಕ್ಕೆ ವಾಲಿದೆ. ಬಲಕ್ಕೆ ತಿರುಗಬೇಕು. ಅದೇ ಮೈದಾನ, ಅದೇ ಬೂಟು, ಅದೇ ಮೊಣಕಾಲು. ಮೊಳೆಗಳು ನೆಲ ಹಿಡಿದವು. ಮೈ ತಿರುಗಿತು. ಕಾಲೂ ತಿರುಗಿತು.

ತಲೆ ಎತ್ತಿದೆ. ಹೌದು ಮಾಸ್ತರ, ಚೆಂಡು ಎಲ್ಲೂ ಓಡಿ ಹೋಗಿರಲಿಲ್ಲ; ಎಡಗಡೆಯ ನಮ್ಮ ಹುಡುಗ ಓಡುತ್ತಿದ್ದ. ಅವನ ದಾರಿಗೆ ಚೆಂಡು ಕಳಿಸಿದೆ. ಅವನು ಹೊಡೆದದ್ದು ಕಂಬಕ್ಕೆ ತಾಗಿ ಹೊರಗೆ ಹೋಯಿತು, ಗೋಲೂ ಆಗಲಿಲ್ಲ. ಆದರೆ ಮಾಸ್ತರ ಎದ್ದು ನಿಂತು, ಶಬ್ದವೇ ಇಲ್ಲದೆ, ಬಾಯಿ ಅಗಲ ತೆರೆದು ನಗುತ್ತಿದ್ದರು. ಗಿರಣಿಯೊಳಗೆ ಮಗ್ಗಗಳ ನಡುವೆ ನಕ್ಕಾಗಲೂ ಅವರು ಹೀಗೇ ಕಾಣುತ್ತಿದ್ದಿರಬೇಕು. ಪಂದ್ಯ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಉಸುರಿದರು: "ಬೆಳಗಾವಿ ಬಸ್ಸಿನ್ಯಾಗ ಕಿಡಕಿ ಬಾಜೂ ಸೀಟು ನಂದು. ಅದರ ಬಾಜೂದ್ದು ನಿಂದು."

ಮನೆಗೆ ಬಂದು, ಅಭ್ಯಾಸದಂತೆ ಬೂಟನ್ನು ಬಾನಿಯ ಪಕ್ಕದಲ್ಲಿ ಬಿಟ್ಟು ಮಲಗಿದೆ. ಬೆಳಗ್ಗೆ ಹೊರಗೆ ನೀರಿನ ಸಪ್ಪಳ. ಬಂದು ನೋಡಿದರೆ ಆಯಿ ಕಲ್ಲುಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಮೊಳೆ ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಕಾರಹುಣ್ಣಿಮೆಗೆ ಎತ್ತಿನ ಗೊರಸು ತೊಳೆಯುವ ಹಾಗೆ, ಒಂದೊಂದು ಮೊಳೆಯ ಸಂದಿಯಿಂದಲೂ ಬೆರಳಿನಲ್ಲಿ ಮಣ್ಣು ತೆಗೆಯುತ್ತಿದ್ದಳು. ಹೋದ ವರ್ಷದ್ದು ಹೆಂಟೆಯಾಗಿ, ನಿನ್ನೆಯದು ಕೆಸರಾಗಿ ಇಳಿಯುತ್ತಿತ್ತು. ನಾನು ಓಡಿ ಹೋಗಿ ಕಿತ್ತುಕೊಳ್ಳಲು ನೋಡಿದರೆ ಕೈಗೊಂದು ಕೊಟ್ಟಳು.

"ಸರೀ ಅತ್ಲಾಗ. ಹೋದ ವರ್ಸ ಒಂದಕ್ಕ ಈಬತ್ತಿ ಹಚ್ಚಿ ಒಂದನ್ನ ಹೊರಗ ಇಟ್ಟೆ. ಜೋಡೆತ್ತಿನ್ಯಾಗ ಒಂದಕ್ಕಷ್ಟ ಮೇವು ಹಾಕಿದಂಗ ಆತು. ಇನ್ನೊಂದು ಒದೀದ ಏನ್ ಮಾಡೀತು?"

ಹೊಸ್ತಿಲ ಮೇಲೆ ಅವಳು ಒಂದು ಕ್ಷಣವೂ ತಡೆಯಲಿಲ್ಲ. ನೀರು ಸೋರುವ ಆ ಬೂಟನ್ನು ಫರಸಿಯ ಮೇಲೆ ಹನಿ ಚೆಲ್ಲುತ್ತ ತಂದು, ಮಾಡದಲ್ಲಿ ಸಪಾಟು ಬೂಟನ್ನು ಸ್ವಲ್ಪ ಸರಿಸಿ, ಪಕ್ಕದಲ್ಲಿ ಕೂರಿಸಿದಳು. ಜಾಗ ಸಾಲದೆ ಒಂದರ ಮೈಗೆ ಇನ್ನೊಂದು ಒರಗಿತು. ನಾಲ್ಕಕ್ಕೂ ಮೂರು ಬೆರಳಿನ ಈಬತ್ತಿ. ಒದ್ದೆ ಬೂಟಿನ ಮೇಲೆ ಅದು ನಿಲ್ಲದೆ ಹರಿದದ್ದಕ್ಕೆ ಮತ್ತೊಮ್ಮೆ ಎಳೆದಳು. ನಾನು ಏನಾದರೂ ಹೇಳಬೇಕಿತ್ತು, ಮಿತ್ರರೇ; ಆ ಹೊತ್ತಿಗೆ ಊರಿನ ಯಾವ ದನಿಯೂ ಒದಗಿ ಬರಲಿಲ್ಲ. "ಆಯಿ" ಎಂದಷ್ಟೇ ಅಂದೆ, ಅದೂ ಅರ್ಧದಲ್ಲೇ ಒಡೆಯಿತು.

ಆಕೆ ತಿರುಗಿ ನೋಡಿದಳು. "ಇದು ಯಾರ ದನಿಯೋ?"

"ನಂದ, ಆಯಿ."

"ಹೌದಾ?" ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಚಲೋ ಐತಿ. ಆದರ ಇನ್ನೂ ಬರೋಬರಿ ಕೂತಿಲ್ಲ, ದಿನಾ ಸ್ವಲ್ಪ ರೂಢಿ ಮಾಡು."